ಗಾಲಿ ಕಾಯುವ ಸೊಸೆ

ನನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಇದೆ. ಮೊದಲು ನಮ್ಮ ಓಣಿಯ ಅಕ್ಕನ ಬಳಗದವರು ಸಾಲಾಗಿ ಕೂತು ವಚನ ಹಾಡುವುದು ಕಾಣುತ್ತದೆ. ಆಮೇಲೆ ಆಕಾಶ, ಆಮೇಲೆ ನನ್ನ ಚಪ್ಪಲಿ, ಆಮೇಲೆ ಮಸಗುಪ್ಪಿ ಊರಿನ ಮಣ್ಣು. ಕೊನೆಯವರೆಗೂ ಬರೀ ಮಣ್ಣು. ದನಿ ಮಾತ್ರ ಸ್ಪಷ್ಟವಾಗಿದೆ. ಒಂದು ಕಡೆ ಹಾಡು, ಇನ್ನೊಂದು ಕಡೆ ಕಿರುಚಾಟ. ಕಿರುಚುತ್ತಿರುವವಳು ನಾನು. ಹಾಡು ಎಲ್ಲಿಯೂ ತಪ್ಪಿಲ್ಲ.

ದಿನಕ್ಕೊಮ್ಮೆಯಾದರೂ ಅದನ್ನು ಹಾಕಿಕೊಂಡು ನೋಡುತ್ತೇನೆ. ಏನಾಗುತ್ತದೆಂದು ಗೊತ್ತಿದ್ದೂ ನಡುವೆ ನಿಲ್ಲಿಸಲಾಗುವುದಿಲ್ಲ.

ಗೋಕಾಕದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಪ್ರತಿ ಸೋಮವಾರ ಸಂಜೆ ಈ ಬಳಗ ಕೂಡುತ್ತದೆ. ಅತ್ತೆ ಮುಂದಾಗಿ ಒಂದು ಸಾಲು ಹಾಡಿದರೆ ಉಳಿದ ಹೆಂಗಸರು ಅದನ್ನೇ ಎತ್ತಿಕೊಳ್ಳುತ್ತಾರೆ. ಹಾರ್ಮೋನಿಯಂ ಪೇಟಿ ನುಡಿಸಲು ಬಾಜೂ ಮನೆಯ ಕಾಕಾ ಬರುತ್ತಾರೆ. ಮದುವೆಯಾದ ಹೊಸದರಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತು ಬಾಯಿ ತೆರೆದಿದ್ದೆ. ಕಾಕಾ ಪೇಟಿ ನಿಲ್ಲಿಸಿ, "ಆ ಬಾಗಿಲಕ್ಕ ಒಂಚೂರು ಎಣ್ಣಿ ಬಿಡ್ರಿ, ಭಾಳ ಕಿರಗುಟ್ಟಾಕತ್ತೈತಿ" ಎಂದರು. ಬಾಗಿಲು ಅಲುಗಾಡಿರಲಿಲ್ಲ. ಅಂದಿನಿಂದ ನಾನು ಚಹಾ ಮಾಡುವವಳು, ವಿಡಿಯೋ ತೆಗೆಯುವವಳು. ಹೊರಗೆ ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಇದನ್ನು ಹೇಳಬೇಕಾಗಿರುವುದು ಮುಂದೆ ನನಗಾಗುವ ಮರ್ಯಾದೆಗೇಡು ತಿಳಿಯಲೆಂದು.

ಬಳಗಕ್ಕೆ ಒಂದು ಕಟ್ಟಳೆ ಇದೆ. ವಚನ ಎತ್ತಿಕೊಂಡ ಮೇಲೆ ಕೊನೆಯ ಅಂಕಿತ, ಅಂದರೆ ಬರೆದ ಶರಣರು ತಮ್ಮ ದೇವರ ಹೆಸರಿಟ್ಟು ಮುಗಿಸುವ ಮಾತು, ಬರುವತನಕ ನಿಲ್ಲಿಸುವಂತಿಲ್ಲ. "ಊಟದಾಗಿಂದ ಎದ್ದರ ನಡದೀತು, ವಚನದಾಗಿಂದ ಏಳಬಾರದು" ಎನ್ನುತ್ತಾರೆ ಅತ್ತೆ. ಒಮ್ಮೆ ಒಳಗೆ ಹಾಲು ಉಕ್ಕಿ ಒಲೆ ಆರಿ ಮನೆಯೆಲ್ಲ ಗ್ಯಾಸಿನ ವಾಸನೆ ತುಂಬಿದಾಗಲೂ ಯಾರೂ ಏಳಲಿಲ್ಲ. ಕಣ್ಣಲ್ಲೇ ನನಗೆ ಅಡುಗೆಮನೆ ತೋರಿಸಿ ಹಾಡು ಮುಂದುವರಿಸಿದರು.

ಯುಗಾದಿ ಮುಗಿದು ಬಸವ ಜಯಂತಿ ಬರುವ ನಡುವಿನ ದಿನಗಳು ನಮ್ಮ ಕಡೆ ಇಂಥ ಬಳಗಗಳಿಗೆ ಸುಗ್ಗಿ. ಇವತ್ತು ಒಂದೂರು, ನಾಳೆ ಇನ್ನೊಂದೂರು. ವೇದಿಕೆಗೂ ಆಗಲೇ ಅನುಕೂಲ. ಕಬ್ಬು ಸಾಗಿ ಸಕ್ಕರೆ ಫ್ಯಾಕ್ಟರಿ ನಿಂತಿರುತ್ತದೆ, ಟ್ರ್ಯಾಕ್ಟರಿನ ಟ್ರೇಲರುಗಳು ಖಾಲಿ ಇರುತ್ತವೆ. ಎರಡು ಟ್ರೇಲರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮೇಲೆ ಉದ್ದಕ್ಕೆ ಜಮಖಾನೆ ಹಾಸಿದರೆ ಆಯಿತು. ಅಷ್ಟು ಕಬ್ಬು ಹೊತ್ತದ್ದು ಹೆಂಗಸರನ್ನು ಹೊರಲಾರದೇ ಎಂಬುದು ಇಲ್ಲಿಯ ವಾದ. ಹೊರಲಾರದು ಎಂದು ನಾನೂ ಅನ್ನಲಿಲ್ಲ. ಉರುಳಬಹುದು ಎಂದು ಯಾರಿಗೂ ಹೊಳೆಯಲಿಲ್ಲ, ಇಳಿಜಾರಿನ ಲೆಕ್ಕ ಮಾಡಿಸುವ ನನಗೂ.

ಆ ವಿಡಿಯೋದ ದಿನ ಮಸಗುಪ್ಪಿಯಲ್ಲಿ ಎಡಗಡೆಯ ಟ್ರೇಲರಿನ ಮೇಲೆ ಅತ್ತೆ, ಮೊಣಕಾಲು ಮಡಚಲಾಗದ್ದಕ್ಕೆ ಪ್ಲಾಸ್ಟಿಕ್ ಖುರ್ಚಿಯಲ್ಲಿ. ಪಕ್ಕದಲ್ಲಿ ಕಾಕಾ, ಪೇಟಿ. ಬಲಗಡೆಯದರ ಮೇಲೆ ಉಳಿದ ಬಳಗ. ಬಯಲು ಎಡಕ್ಕೆ ಇಳಿದು ರಸ್ತೆ ಮುಟ್ಟುತ್ತದೆ. ರಸ್ತೆಯಾಚೆ ಕಾಲುವೆ. ಬಿಸಿಲು ಇನ್ನೂ ಇತ್ತು. ಎರಡನೆಯ ವಚನದ ನಡುವೆ ಮಳೆಗಿಂತ ಮುಂಚೆ ಬರುವ ಆ ಸುಟ್ಟ ಗಾಳಿ ಎದ್ದಿತು. ಶಾಮಿಯಾನದ ಹಗ್ಗಗಳನ್ನು ಟ್ರೇಲರಿಗೇ ಬಿಗಿದಿದ್ದರು. ಬಟ್ಟೆ ಉಬ್ಬಿತು, ಹಗ್ಗ ಜಗ್ಗಿತು, ಕಲ್ಲು ಸಿಡಿದು ಪಕ್ಕಕ್ಕೆ ಬಿತ್ತು. ಅತ್ತೆ ಇದ್ದ ಟ್ರೇಲರ್ ಊರಿಗೆ ಹೊರಟವರ ಹಾಗೆ ಮೆಲ್ಲಗೆ ಹೊರಟಿತು.

ಜಮಖಾನೆಯೂ ಅದರೊಂದಿಗೆ ಹೊರಟಿತು. ಬಳಗದವರ ಕೆಳಗಿನಿಂದ ಅದು ಜಾರುತ್ತಿದ್ದರೆ ಅವರು ಒಬ್ಬೊಬ್ಬರಾಗಿ ಸೊಂಟ ಎತ್ತಿ ಬಿಟ್ಟುಕೊಟ್ಟರು. ಒಬ್ಬರ ಕೈಯ ತಾಳ ಸಂದಿಗೆ ಬಿತ್ತು. ಅವರು ತೊಡೆ ತಟ್ಟಿಕೊಂಡು ತಾಳ ಹಾಕಿದರು. ಅತ್ತೆ ಸಾಲು ಹೇಳುತ್ತಿದ್ದರು, ಇವರು ಎತ್ತಿಕೊಳ್ಳುತ್ತಿದ್ದರು. ನಡುವೆ ಬಯಲು ಅಗಲವಾಗುತ್ತಿತ್ತು. ದೂರವಾದಷ್ಟೂ ಅತ್ತೆ ದನಿ ಏರಿಸಿದರು, ಇವರಿಗೆ ಕೇಳಬೇಕಲ್ಲ! ಗಂಡಸರು ಓಡಿ ಹಿಂದಿನಿಂದ ಜೋತುಬಿದ್ದರು. "ಇಳೀರಿ ಅತ್ತಿ, ಇಳೀರಿ!" ಎಂದು ನಾನು ಕಿರುಚಿದೆ. ಓಡುವ ಟ್ರೇಲರಿನಿಂದ, ಆ ಮೊಣಕಾಲಿನವರಿಗೆ! ಅವರು ನನ್ನತ್ತ ನೋಡಿ, ಹಾಲು ಉಕ್ಕಿದಾಗ ತೋರಿಸಿದಂತೆಯೇ, ಕಣ್ಣಲ್ಲಿ ಸುಮ್ಮನಿರು ಎಂದರು.

ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ಮೂಕಿ ನೆಲಕ್ಕೆ ಬಿದ್ದು, ನೇಗಿಲಿನಂತೆ ಮಣ್ಣು ಸೀಳಿ, ರಸ್ತೆಯ ಅಂಚಿನಲ್ಲಿ ಸಿಕ್ಕಿಕೊಂಡಿತು. ಖುರ್ಚಿ ಮುಂದಕ್ಕೆ ವಾಲಿತು, ಕಾಕಾ ಒಂದು ಕೈಯಿಂದ ಅದನ್ನು ಹಿಡಿದರು, ಇನ್ನೊಂದು ಕೈ ಪೇಟಿಯ ಮೇಲೇ ಇತ್ತು. ಆಗ ಅಂಕಿತ ಬಂತು. ಆಮೇಲೆ ಅತ್ತೆ, "ಇನ್ನ ಇಳಸ್ರಿ ನನ್ನ" ಎಂದರು.

ಅಲ್ಲಿಗೆ ಎಲ್ಲರಿಗೂ ಮುಗಿಯಿತು, ನನಗೆ ಮಾತ್ರ ಶುರುವಾಯಿತು. ಗಂಡನಿಗೆ ಹೇಳಿದೆ, ತವರಿಗೆ ಫೋನು ಮಾಡಿ ಹೇಳಿದೆ, ಸ್ಟಾಫ್ ರೂಮಿನಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದೆ. ಹೇಳಿದಷ್ಟೂ ಕಾಲುವೆ ಹತ್ತಿರ ಬಂತು. ವಾರ ಕಳೆಯುವುದರಲ್ಲಿ ನನ್ನ ಮಾತಿನಲ್ಲಿ ಟ್ರೇಲರಿನ ಮುಂದಿನ ಗಾಲಿ ನೀರಿನ ಮೇಲೆ ತೂಗಾಡುತ್ತಿತ್ತು.

ಕೇಳಿ ಕೇಳಿ ನನ್ನ ಗಂಡ ಒಂದು ದಿನ ಊಟಕ್ಕೆ ಕೂತಲ್ಲೇ, "ಇನ್ನ ಸಾಕ ಬೇ ಅವ್ವಾ, ಹಾಡಾಕ ಎಲ್ಲೂ ಹೋಗಬ್ಯಾಡ" ಎಂದರು. ಅತ್ತೆ ನಿಡಸೋಸಿಯ ಕಾರ್ಯಕ್ರಮಕ್ಕೆಂದು ಇಸ್ತ್ರಿ ಮಾಡಿಸಿಟ್ಟಿದ್ದ ಬಳಗದ ಸೀರೆಯನ್ನು ಒಯ್ದು ಟ್ರಂಕಿನ ತಳದಲ್ಲಿಟ್ಟರು. ಅವರಿಲ್ಲದೆ ಬಳಗ ಹೋಗುವುದಿಲ್ಲ. ಸೋಮವಾರ ಬಂದರೂ ಕಾಕಾ ಪೇಟಿ ತರಲಿಲ್ಲ. ನಾನು ರೂಢಿಯಂತೆ ಚಹಾಕ್ಕಿಟ್ಟು, ದೊಡ್ಡ ಪಾತ್ರೆಯ ಮುಂದೆ ಒಬ್ಬಳೇ ನಿಂತಿದ್ದೆ.

ಅತ್ತೆ ಒಳಗೆ ಬಂದರು. "ತಂಗಿ, ಒಂದ ಮಾತ ಕೇಳ್ತೇನಿ. ಅಂಜಿಕಿ ನನಗ ಐತ್ಯೋ, ನಿನಗ ಐತ್ಯೋ?"

"ನನಗ ಐತ್ರಿ."

"ಹಂಗಾರ ಮನ್ಯಾಗ ಕುಂಡ್ರಬೇಕಾದಾಕಿ ನೀನು. ನನ್ನ ಯಾಕ ಕುಂಡ್ರಿಸೀರಿ?"

ನಾನು ಚಹಾದ ಒಲೆ ಸಣ್ಣ ಮಾಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಗಂಡ ಕೇಳಿದರು: "ಖರೆ ಹೇಳು, ಕಾಲುವಿ ಎಲ್ಲಿತ್ತು?"

"ರಸ್ತೆದ ಆಕಡಿ."

"ನೀರ ಎಷ್ಟಿತ್ತು?"

"ನೀರ... ಬಿಟ್ಟಿರಲಿಲ್ಲ."

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಒಣ ಕಾಲುವೆಯಲ್ಲಿ ಬಿದ್ದರೂ ಸೊಂಟ ಮುರಿಯುತ್ತದೆ, ಅದಕ್ಕೆ ನೀರು ಬೇಕಿಲ್ಲ ಎಂದು ನಾನು ವಾದಿಸಿದೆ. ಈಗಲೂ ಆ ವಾದ ಬಿಟ್ಟಿಲ್ಲ. ಮೂಕಿ ಸಿಕ್ಕಿಕೊಳ್ಳದಿದ್ದರೆ ಏನಾಗುತ್ತಿತ್ತೆಂದು ನಮ್ಮ ಮನೆಯಲ್ಲಿ ಯೋಚಿಸುವವಳು ನಾನೊಬ್ಬಳೇ.

"ಆತ ಬಿಡು, ನೀನೂ ಬಾ. ಗಾಲಿ ಕಾಯಿ. ನಿನಗೂ ಸಮಾಧಾನ, ಇವನಿಗೂ ಸಮಾಧಾನ" ಎಂದರು ಅತ್ತೆ. ಗಂಡ ನನ್ನ ಮುಖ ನೋಡಿದರು. ನಾನು ಹೂಂ ಅಂದರೆ ಸೀರೆ ಟ್ರಂಕಿನಿಂದ ಹೊರಗೆ ಬರುತ್ತದೆ. ಹೂಂ ಅಂದೆ.

ನಿಡಸೋಸಿಯಲ್ಲೂ ಅಂಥವೇ ಎರಡು ಟ್ರೇಲರು. ನಾನು ಸುತ್ತಲೂ ತಿರುಗಿ, ಗಾಲಿಗೆ ಕೊಟ್ಟ ಕಲ್ಲುಗಳನ್ನು ಒದ್ದು ನೋಡಿ, ಶಾಮಿಯಾನದ ಹಗ್ಗ ಬಿಚ್ಚಿ ಗೂಟಕ್ಕೆ ಕಟ್ಟಿಸಿದೆ. ಟ್ರ್ಯಾಕ್ಟರಿನವರು ತಾಳ್ಮೆಯಿಂದ ಕಟ್ಟಿದರು. "ಇನ್ನೊಂದ ಕಲ್ಲ ಕೊಡ್ರಿ" ಎಂದಾಗ ಮಾತ್ರ ಅವರ ತಾಳ್ಮೆ ಮುಗಿಯಿತು.

"ಇನ್ನೊಂದ ಯಾಕ್ರಿ ಅಕ್ಕಾರ? ಅದರ ಬದಲಿ ನೀವ ಕುಂಡ್ರತೀರಲ್ಲಾ!"

ಕೂತೆ. ಮುಂದಿನ ಗಾಲಿಯ ಪಕ್ಕ ಒಂದು ಕಲ್ಲಿನ ಮೇಲೆ, ಜನರಿಗೆ ಬೆನ್ನು ಮಾಡಿ. ತಲೆಯ ಮೇಲೆ ಹಲಗೆಗಳು ತಾಳಕ್ಕೆ ಸಣ್ಣಗೆ ನಡುಗುತ್ತಿದ್ದವು. ಅತ್ತೆಯ ದನಿ ಅಲ್ಲಿಂದ ಇಳಿದು ನನ್ನ ನೆತ್ತಿಗೇ ಬೀಳುವಂತಿತ್ತು. ಮೂರನೆಯ ವಚನಕ್ಕೆ ಗಾಳಿ ಎದ್ದಿತು. ನನ್ನ ಕೈ ತಾನಾಗಿ ಹೋಗಿ ಗಾಲಿಯನ್ನು ಒತ್ತಿ ಹಿಡಿಯಿತು. ಅಷ್ಟು ಭಾರದ ಮುಂದೆ ಒಂದು ಅಂಗೈ ಎಷ್ಟರದೆಂದು ನನಗೆ ಗೊತ್ತು. ಅದನ್ನು ಕಲಿಸಿಯೇ ಪಗಾರ ತೆಗೆದುಕೊಳ್ಳುತ್ತೇನೆ. ಆದರೂ ಅಂಕಿತ ಬರುವತನಕ ಕೈ ತೆಗೆಯಲಿಲ್ಲ.

ಇಳಿಯುವಾಗ ಅತ್ತೆ ನನ್ನ ಭುಜದ ಮೇಲೆ ಭಾರ ಹಾಕಿ ಕೇಳಿದರು: "ಹೆಂಗಾತವಾ ಹಾಡು?"

"ಒಂದ ಇಂಚೂ ಅಲ್ಲಾಡಲಿಲ್ರಿ ಅತ್ತಿ" ಎಂದೆ.