ಅಂಗಡಿಗೆ ಹೋದ ಟಪ್ಪಾಲು

ಮೊನ್ನೆ ಒಂದು ಕಚೇರಿಯಲ್ಲಿ ಯಾರೋ ದಪ್ಪ ಲಕೋಟೆಗೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ಬೆಂಚಿನ ಮೇಲೆ ಕುಳಿತುಬಿಟ್ಟೆ. ನಿಮ್ಮ ಬಾಲ್ಯಕ್ಕೆ ಬೇರೆ ಯಾವುದೋ ವಾಸನೆ ಇರಬಹುದು, ನನ್ನದಕ್ಕೆ ಅರಗಿನದು. ಬೆಳುವಾಯಿಯಿಂದ ಒಳಗೆ, ದಿನಕ್ಕೆ ಎರಡೇ ಸಲ ಬಸ್ಸು ಬರುತ್ತಿದ್ದ ನಮ್ಮ ಊರಿನ ಅಂಚೆ ಕಚೇರಿ ಇದ್ದದ್ದು ನಮ್ಮ ಮನೆಯ ಚಾವಡಿಯ ಪಕ್ಕದ ಕೋಣೆಯಲ್ಲಿ. ನಮ್ಮಲ್ಲಿ ಮಕ್ಕಳು ತಾಯಿಯ ಮನೆಯಲ್ಲೇ ಬೆಳೆಯುವುದು ರೂಢಿ, ಹಾಗಾಗಿ ಅಮ್ಮನ ದೊಡ್ಡಣ್ಣ, ನನ್ನ ಮಾವನೇ ಮನೆಯ ಯಜಮಾನರು. ಹೆಸರಿಗೆ ಪೋಸ್ಟ್ ಮಾಸ್ಟರೂ ಅವರೇ. ಸಹಿ ಹಾಕುವುದೊಂದು ಅವರದು. ಚೀಲ ಬಿಚ್ಚುವುದು, ಕಾಗದ ವಿಂಗಡಿಸುವುದು, ಠಸ್ಸೆ ಹೊಡೆಯುವುದು, ಸಂಜೆಯ ಬಸ್ಸಿಗೆ ಚೀಲ ಕಟ್ಟಿ ಅರಗು ಹಾಕುವುದು ಎಲ್ಲ ಚಿಕ್ಕಮ್ಮನ ಕೆಲಸ. ಚಿಕ್ಕಮ್ಮನೆಂದರೆ ಅಮ್ಮನ ತಂಗಿ. ಇಪ್ಪತ್ತಕ್ಕೇ ಗಂಡ ಸತ್ತು ಮರಳಿ ಬಂದವರು, ಎಂಟನೆಯ ಕ್ಲಾಸಿನ ತನಕ ಕಲಿತವರು.

ಆದರೆ ಅವರ ನಿಜವಾದ ಕೆಲಸ ನಡೆಯುತ್ತಿದ್ದದ್ದು ಹಿತ್ತಲ ಜಗಲಿಯಲ್ಲಿ. ಊರಿನ ಅರ್ಧಕ್ಕರ್ಧ ಗಂಡಸರು ಬೊಂಬಾಯಿಯ ಹೋಟೆಲುಗಳಲ್ಲಿ, ಘಟ್ಟದ ಕಾಫಿ ತೋಟಗಳಲ್ಲಿ ಇದ್ದರು. ಅವರ ಹೆಂಗಸರಿಗೆ ಓದು ಬರುತ್ತಿರಲಿಲ್ಲ. ಬಸ್ಸು ಬಂದು ಸ್ವಲ್ಪ ಹೊತ್ತಿಗೆ, ಗದ್ದೆ ಕೆಲಸದ ಕೆಸರು ಕಾಲಲ್ಲೇ, ಒಬ್ಬೊಬ್ಬರಾಗಿ ಹಿಂದಿನಿಂದ ಬರುತ್ತಿದ್ದರು. ಬ್ಯಾರಿ ಕೇರಿಯ ಹೆಂಗಸರೂ ಬರುತ್ತಿದ್ದರು. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಬಾವಿಕಟ್ಟೆಯ ಹತ್ತಿರವೇ ನಿಲ್ಲಬೇಕು. ಚಿಕ್ಕಮ್ಮ ಕಾಗದವನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಮೆಲ್ಲಗೆ ಓದಿ ಹೇಳುತ್ತಿದ್ದರು. ಕೆಲವರು ನಗುತ್ತಾ ಹೋಗುತ್ತಿದ್ದರು. ಕೆಲವರು ಬಹಳ ಹೊತ್ತು ಕುಳಿತು, ಬಾವಿಯ ನೀರಲ್ಲಿ ಮುಖ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು. ಆ ಜಗಲಿಯಲ್ಲಿ ಕೇಳಿದ ಒಂದು ಮಾತೂ ನಮ್ಮ ಅಡಿಗೆಮನೆಗೆ ಕೂಡ ಬಂದದ್ದಿಲ್ಲ. ಅಮ್ಮ ಎಷ್ಟೋ ಸಲ ಕೆದಕಿ ಕೆದಕಿ ಸೋತಿದ್ದಳು.

ನನಗೆ ಒಂಬತ್ತಾಗಿದ್ದಾಗ ಮಾವನ ಕಣ್ಣು ಮಂಜಾಯಿತು. ಅವರು ಕೆಲಸ ಬಿಡುತ್ತೇನೆಂದು ಬರೆದುಕೊಟ್ಟರು. ಅದನ್ನು ತನ್ನ ಹೆಸರಿಗೆ ಕೇಳಬಹುದಲ್ಲಾ ಎಂದು ಚಿಕ್ಕಮ್ಮ ಒಮ್ಮೆ, ಒಂದೇ ಒಂದು ಸಲ, ಅನ್ನ ಬಡಿಸುತ್ತಾ ಕೇಳಿದ್ದರು. ಹೆಂಗಸರಿಗೆ ಸರಕಾರದ ಉಸಾಬರಿ ಯಾಕೆ ಎಂದು ಮಾವ ಮಜ್ಜಿಗೆ ಹಾಕಿಸಿಕೊಂಡರು. ಹತ್ತು ವರ್ಷ ಆ ಉಸಾಬರಿಯನ್ನು ಮಾಡಿದ್ದು ಯಾರೆಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಅಷ್ಟರಲ್ಲಿ ಬಸ್ಸು ನಿಲ್ಲುವಲ್ಲಿ ದಿನಸಿ ಅಂಗಡಿ ಇಟ್ಟಿದ್ದ ದೇಜಪ್ಪ, ಅಂಚೆಗೆ ತನ್ನ ಅಂಗಡಿಯಲ್ಲೇ ಒಂದು ಮೂಲೆ ಕೊಡುತ್ತೇನೆ, ಕೆಲಸವನ್ನೂ ನೋಡಿಕೊಳ್ಳುತ್ತೇನೆ ಎಂದು ಅರ್ಜಿ ಹಾಕಿದ.

ದೇಜಪ್ಪ ಕೆಟ್ಟವನಲ್ಲ, ಈಗಲೂ ಹಾಗೆ ಹೇಳಲಾರೆ. ಆದರೆ ಅವನ ಅಂಗಡಿಯ ಮುಂದೆ ಒಂದು ಉದ್ದ ಬೆಂಚು ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಮೇಲೆ ಗಂಡಸರು ಕುಳಿತು ಎಲೆ ಅಡಿಕೆ ಜಗಿಯುತ್ತಾ ಊರನ್ನೂ ಜಗಿಯುತ್ತಿದ್ದರು. ಹೆಂಗಸರು ಬೆಲ್ಲಕ್ಕೋ ಚಿಮಣಿ ಎಣ್ಣೆಗೋ ಹೋದರೆ ತಲೆ ತಗ್ಗಿಸಿ ತಂದುಬಿಡುವ ಜಾಗ ಅದು. ಅಲ್ಲಿ ಅವರ ಕಾಗದ ಓದಿಸುವುದೆಂದರೆ ಏನೆಂದು ಎಲ್ಲ ಹೆಂಗಸರಿಗೂ ಗೊತ್ತಾಯಿತು. ಗುಂಪಾಗಿ ಹಿತ್ತಲಿಗೆ ಬಂದರು. ಆಕ್ಷೇಪದ ಅರ್ಜಿಯನ್ನು ಚಿಕ್ಕಮ್ಮನೇ ಬರೆದರು. ಅಂಚೆಯ ಠಸ್ಸೆಯ ಶಾಯಿಯಲ್ಲೇ ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ತಪ್ಪಾದದ್ದು ಅಲ್ಲೇ. ಕಾರಣ ಏನೆಂದು ಬರೆಯುವುದು? ನಮ್ಮ ಕಾಗದಗಳಲ್ಲಿ ನಾಲ್ಕು ಜನರ ಎದುರು ಓದಬಾರದ್ದು ಇರುತ್ತದೆ ಎಂದು ಬರೆದರೆ, ಯಾರದರಲ್ಲಿ ಏನಿದೆ ಎಂದು ಊರು ಹುಡುಕಲು ಶುರು ಮಾಡುತ್ತಿತ್ತು. ಅಷ್ಟು ವರ್ಷ ಅವರೆಲ್ಲರ ಮಾನ ಕಾದ ಚಿಕ್ಕಮ್ಮ, ಆ ಒಂದು ಸಾಲನ್ನೂ ಸರಕಾರಕ್ಕೆ ಬಿಟ್ಟುಕೊಡಲಿಲ್ಲ. 'ಸದರಿ ಅಂಗಡಿಯು ನಮಗೆ ಬಹು ದೂರವಾಗುತ್ತದೆ' ಎಂದು ದುಂಡಗೆ ಬರೆದರು.

ವಿಚಾರಣೆಗೆ ಇನ್ಸ್‌ಪೆಕ್ಟರು ಬಸ್ಸಿನಲ್ಲಿ ಬಂದಿಳಿದರು. ಇಳಿದದ್ದು ಅಂಗಡಿಯ ಮುಂದೆ, ಕುಳಿತದ್ದು ಅದೇ ಬೆಂಚಿನ ಮೇಲೆ. ದೇಜಪ್ಪ ಅವರಿಗೆ ಸೋಡಾ ಒಡೆದ; ಬಂದವರಿಗೆಲ್ಲ ಎಲೆ ಅಡಿಕೆ ತಟ್ಟೆ ಮುಂದಿಟ್ಟ. ಅವನ ತಟ್ಟೆಯಿಂದ ಎಲೆ ತೆಗೆದುಕೊಂಡ ಮೇಲೆ ಅವನ ಎದುರು ಬೇಡ ಎನ್ನುವ ಗಂಡಸು ನಮ್ಮ ಊರಲ್ಲಿ ಹುಟ್ಟಿರಲಿಲ್ಲ. ಚಿಕ್ಕಮ್ಮ ಹೋಗುವಂತಿರಲಿಲ್ಲ, ನನ್ನನ್ನು ನೋಡಿ ಬಾ ಎಂದು ಕಳಿಸಿದ್ದರು. ಇನ್ಸ್‌ಪೆಕ್ಟರು ಅರ್ಜಿಯ ಮೊದಲ ಹೆಸರು ಓದಿದರು: ಗಿರಿಜ. ಗಿರಿಜಕ್ಕ ಮುಂದೆ ಬಂದಳು. ಅವಳ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದ.

“ನಿಮಗೇನು ತೊಂದರೆ, ಹೇಳಿ” ಎಂದರು ಅವರು, ಸೌಮ್ಯವಾಗಿಯೇ.

ಗಿರಿಜಕ್ಕ ಬೆಂಚಿನತ್ತ ಒಮ್ಮೆ ನೋಡಿದಳು. “ದೂರ ಆಗ್ತದೆ” ಎಂದಳು.

ಬೆಂಚು ನಕ್ಕಿತು. ಗಿರಿಜಕ್ಕನ ಮನೆ ಆ ಅಂಗಡಿಯ ಬೆನ್ನಿಗೇ ಇತ್ತು. ಅವಳ ಕೋಳಿಗಳು ದೇಜಪ್ಪನ ಅಕ್ಕಿಚೀಲದ ಬುಡದಲ್ಲೇ ಹೆಕ್ಕುತ್ತಿದ್ದವು. ಇನ್ಸ್‌ಪೆಕ್ಟರು ಪಕ್ಕದಲ್ಲೇ ಎಲೆ ಜಗಿಯುತ್ತಿದ್ದ ಮಾವನ ಕಡೆ ತಿರುಗಿ, ಹೆಂಗಸರು ಹೇಳುವುದು ಹೌದೇ ಎಂದು ಕೇಳಿದರು. ಮಾವನಿಗೆ ಸರಿಯಾದ ಕಾರಣ ಚೆನ್ನಾಗಿ ಗೊತ್ತಿತ್ತು. ಅವರು ಬಾಯಿಯ ರಸ ಉಗುಳಿ ಬಂದು, “ಸುಳ್ಳು ಹೇಳುವುದು ಹೇಗೆ? ಹೆಚ್ಚಿನವರಿಗೆ ಇದೇ ಹತ್ತಿರ” ಎಂದರು. ಉಳಿದ ಹೆಂಗಸರನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಕಾರಣ ನನಗೂ ಗೊತ್ತಿತ್ತು.

ಮುಂದಿನ ತಿಂಗಳು ತಕ್ಕಡಿ, ಚೀಲ, ಠಸ್ಸೆ, ಕೆಂಪು ಡಬ್ಬ ಎಲ್ಲ ಅಂಗಡಿಗೆ ಹೋದವು. ದೇಜಪ್ಪ ಕಾಗದ ಓದಿ ಹೇಳುವುದಕ್ಕೆ ಹಿಂದೆ ಮುಂದೆ ನೋಡುತ್ತಿರಲಿಲ್ಲ. ಕಿವಿ ಮಂದವಿದ್ದವನಾದ್ದರಿಂದ ಅವನ ಮೆಲ್ಲಗಿನ ದನಿಯೇ ರಸ್ತೆಯ ಆಚೆಗೆ ಕೇಳುತ್ತಿತ್ತು. ಅಕ್ಕಿ ಅಳೆಯುತ್ತಾ, ಬೆಲ್ಲ ಕಟ್ಟುತ್ತಾ, ನಡುನಡುವೆ ಬೆಂಚಿನವರ ಅಭಿಪ್ರಾಯವನ್ನೂ ಕೇಳುತ್ತಾ ಓದುತ್ತಿದ್ದ. ಒಬ್ಬೊಬ್ಬರೇ ಹೆಂಗಸರು ಕಾಗದ ಕೇಳಲು ಹೋಗುವುದನ್ನೇ ಬಿಟ್ಟರು. ಬಂದ ಕಾಗದವನ್ನು ಅಂಗಡಿಯಲ್ಲೇ ಬಿಟ್ಟವರೂ ಇದ್ದರು. ನಮ್ಮ ಹಿತ್ತಲಿಗೆ ತರಬಹುದಿತ್ತಲ್ಲ ಎನ್ನುವಿರಿ. ಅಂಗಡಿಯಲ್ಲಿ ಕಾಗದ ಕೈಗೆ ಸಿಗುವ ಮೊದಲೇ ದೇಜಪ್ಪ ಒಡೆದು ಓದಿ ಮುಗಿಸುತ್ತಿದ್ದ. ಅದನ್ನು ಅವನು ಉಪಕಾರವೆಂದೇ ತಿಳಿದಿದ್ದ.

ಆ ಮನೆ ಈಗಿಲ್ಲ. ಮಾವನ ಕಾಲ ಮುಗಿದ ಮೇಲೆ ಪಾಲಾಯಿತು, ಚಾವಡಿಯ ಕಂಬಗಳನ್ನು ಯಾರೋ ಮಂಗಳೂರಿನವರು ಕೊಂಡುಹೋದರು. ಮನೆ ಹೋಯಿತೆಂದು ನನಗೆ ಅಷ್ಟೇನೂ ದುಃಖವಿಲ್ಲ, ಸಿಟ್ಟು ಮಾತ್ರ ಉಳಿದಿದೆ. ದುಃಖ ಇರುವುದು ಒಂದು ಮಧ್ಯಾಹ್ನದ ಬಗ್ಗೆ. ಅವತ್ತು ಗಿರಿಜಕ್ಕ ಹಿತ್ತಲಿಗೆ ಬಂದಳು. ಕೈಯಲ್ಲಿ ಒಡೆದ ಕಾಗದ. ಅವಳ ಗಂಡ ಬೊಂಬಾಯಿಯಲ್ಲಿ ಇನ್ನೊಂದು ಸಂಸಾರ ಮಾಡಿದ್ದಾನೆ, ಇನ್ನು ಬರುವುದಿಲ್ಲ ಎಂಬುದು ಬೆಳಿಗ್ಗೆಯೇ ಬೆಂಚಿನಿಂದ ಇಡೀ ಊರಿಗೆ ತಲುಪಿತ್ತು.

“ಅಂಗಡಿಯಲ್ಲಿ ಓದಿ ಆಯಿತಕ್ಕ” ಎಂದಳು. “ಆದರೂ ನೀವು ಒಮ್ಮೆ ನೋಡಿ. ಅವರು ಓದದೆ ಬಿಟ್ಟದ್ದು ಏನಾದರೂ ಉಂಟಾ ಅಂತ.”

ಚಿಕ್ಕಮ್ಮ ಎರಡೂ ಬದಿ ಓದಿದರು. ವಿಳಾಸವನ್ನೂ ಓದಿದರು. ಮತ್ತೊಮ್ಮೆ ಮೊದಲಿನಿಂದ ಓದಿದರು.

“ಇಲ್ಲ ಗಿರಿಜ. ಅಷ್ಟೇ ಇರುವುದು.”

ಗಿರಿಜಕ್ಕ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ರಸ್ತೆ ಬಿಟ್ಟು, ಗದ್ದೆಯ ಬದುವಿನ ಮೇಲೆ ಸುತ್ತು ಹಾಕಿ ಮನೆಗೆ ಹೋದಳು. ಅವಳು ಮರೆಯಾಗುವ ತನಕ ಚಿಕ್ಕಮ್ಮ ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಆಮೇಲೆ, “ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕಿತ್ತು, ಅಲ್ಲವಾ?” ಎಂದು ಕೇಳಿದರು. ಅಷ್ಟು ಜನ ತುಂಬಿದ್ದ ಮನೆಯಲ್ಲಿ ಅದನ್ನು ಕೇಳಲು ಅವರಿಗೆ ಸಿಕ್ಕಿದ್ದು ಒಂಬತ್ತು ವರ್ಷದ ನಾನೊಬ್ಬಳೇ.