ಹೊಲಿಗೆ ಮಷೀನಿನ ಮೇಲಿನ ಮೌಸ್

ಅಕ್ಕನ ಕಂಪ್ಯೂಟರ್ ಕೆಟ್ಟಿತೆಂದರೆ ನನ್ನ ಭಾನುವಾರವೂ ಕೆಟ್ಟ ಹಾಗೆಯೇ. ಅವತ್ತೂ ಪಾರ್ವತಿನಗರದಿಂದ ಗೊಣಗುತ್ತಲೇ ಹೋಗಿ ಅಕ್ಕನ ಊರು ಸಿರುಗುಪ್ಪದ ಬಸ್ಸು ಹತ್ತಿದೆ. ಅವಳ ಹಳೇ ಡಬ್ಬಕ್ಕೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟವನು ನಾನೇ, ಬೈಸಿಕೊಳ್ಳಬೇಕಾದವನೂ ನಾನೇ.

ಅವ್ವ ಕುರುಗೋಡಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಲಕ್ವ ಹೊಡೆದ ಮೇಲೆ ಮಾತು ನಿಂತಿದೆ, ಎಡಗೈ ಮಾತ್ರ ಏಳುತ್ತದೆ. ಅಕ್ಕ ಬೆಳಿಗ್ಗೆಯೇ ಕಂಪ್ಯೂಟರಿನಲ್ಲಿ ವಿಡಿಯೊ ಕಾಲ್ ಹಚ್ಚಿಟ್ಟು ಹೊಲಿಯಲು ಕೂರುತ್ತಾಳೆ; ಅವ್ವ ಅಲ್ಲಿ ಫೋನಿನಲ್ಲಿ ಮಗಳನ್ನು ನೋಡುತ್ತ ಮಲಗಿರುತ್ತಾಳೆ. ಮಾತಿಲ್ಲ, ಕತೆಯಿಲ್ಲ, ಮುಖ ಕಂಡರೆ ಸಾಕು. ಈಚೆಗೆ ಮಾತ್ರ, ಮೌಸ್ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಕಂಪ್ಯೂಟರ್ ತಾನೇ ನಿದ್ದೆಗೆ ಹೋಗುತ್ತಿತ್ತು. ಎಬ್ಬಿಸಿದರೆ ಲಾಗಿನ್ ಪರದೆ. ಪಾಸ್‌ವರ್ಡ್ ಹಾಕಿದರೆ ಬರೀ ಕತ್ತಲು. ಆಫ್ ಮಾಡಿ ಮತ್ತೆ ಶುರು ಮಾಡುವಷ್ಟರಲ್ಲಿ, ಮಗಳಿಗೆ ಏನಾಯಿತೋ ಎಂದು ಅವ್ವ ಅತ್ತು ಅತ್ತು ಏದುಸಿರು ಬಿಡುತ್ತಿದ್ದಳು.

ಹೋಗಿ ನೋಡುತ್ತೇನೆ, ಮೌಸ್ ಹೊಲಿಗೆ ಮಷೀನಿನ ಹಲಗೆಯ ಮೇಲೆ ಕೂತಿದೆ! ಮಷೀನ್ ತುಳಿದಾಗ ಅದು ಅದುರುತ್ತದೆ, ಪರದೆ ಆರುವುದಿಲ್ಲ. ನಾನು ನಕ್ಕುಬಿಟ್ಟೆ.

"ನಗಬ್ಯಾಡಲೇ," ಅಂದಳು ಅಕ್ಕ. "ಗುಂಡಿ ಹಚ್ಚಾಕ ಕುಂತ್ರ ಮಷೀನ್ ನಿಲ್ತೈತಿ, ಇದು ಹೋಗಿಬಿಡ್ತೈತಿ. ಅಲುಗಾಡ್ತಿದ್ರ ನಾ ಪರದೆಯಿಂದ ಹೋಗಂಗಿಲ್ಲ ಅಂತ ಅವ್ವಗೂ ಹೇಳೀನಿ."

ಪವರ್ ಸೆಟ್ಟಿಂಗ್ ತೆರೆದು ಕಂಪ್ಯೂಟರಿನ ನಿದ್ದೆಯನ್ನೂ ಪರದೆಗೆ ಬೀಳುವ ಬೀಗವನ್ನೂ ಬಂದ್ ಮಾಡಿದೆ. ಮಲಗದಿದ್ದರೆ ಎಬ್ಬಿಸುವ ತಂಟೆಯೇ ಇಲ್ಲವಲ್ಲ. ಆಮೇಲೆ ಕಾಲ್ ಹಚ್ಚಿ, ಪರೀಕ್ಷೆಗೆಂದು ಇಬ್ಬರೂ ಮೌಸ್ ಮುಟ್ಟದೆ ಕೂತೆವು. ಅತ್ತ ತಮ್ಮನ ಹೆಂಡತಿ ತನ್ನ ಗೋಳು ಹೇಳಿಕೊಂಡಳು: ಅತ್ತೆ ಈಚೆಗೆ ಗಳಿಗೆಗೊಮ್ಮೆ ಕೈ ಎತ್ತುತ್ತಾರೆ, ನೀರು ಕೊಟ್ಟರೆ ಒಲ್ಲೆ, ಹೊದಿಕೆ ಸರಿಸಿದರೂ ಒಲ್ಲೆ, ಹಗಲಲ್ಲಿ ಕಣ್ಣೇ ಮುಚ್ಚುವುದಿಲ್ಲ.

ಅವಳು ಹೇಳುತ್ತಿರುವಾಗಲೇ ಅವ್ವನ ಎಡಗೈ ಎದ್ದಿತು, ಗಾಳಿಯಲ್ಲಿ ಅಲುಗಾಡಿತು, ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ಅಯ್ಯೋ, ನನ್ನವ್ವ!

ಪರದೆಯ ಹತ್ತಿರ ಹೋದೆ. "ಅವ್ವಾ, ಇನ್ನ ನೀ ಕೈ ಆಡಸಬ್ಯಾಡ. ಅಲುಗಾಡದಿದ್ರೂ ಅಕ್ಕ ಎಲ್ಲೀಗೂ ಹೋಗಂಗಿಲ್ಲ."

ಅವ್ವ ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಎತ್ತಿದ್ದ ಕೈಯನ್ನು ಮೆಲ್ಲಗೆ ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನಲ್ಲೇ ಸಣ್ಣಗೆ ಗೊರಕೆ ಕೇಳಿಸಿತು. ಎಲ್ಲಿ ಸಪ್ಪಳವಾದೀತೋ ಎಂದು ಅಕ್ಕ ಮಷೀನಿನ ಪೆಡಲ್ ಮೇಲಿಂದ ಕಾಲು ತೆಗೆದಳು.