ಗಂಧ ಮೆತ್ತಿದ ಮೈಕು

ಚೇಳೂರಿನ ನನ್ನ ಸೋದರಮಾವನಿಗೆ ಬೇಕಾಗಿದ್ದುದು ಒಂದೇ. ತನ್ನ ತೆಂಗಿನ ತೋಟಕ್ಕೆ ಪ್ರತಿವರ್ಷ ದಸರಾ ಹೊತ್ತಿಗೆ ನವರಂಗ ಹಕ್ಕಿ ಬಂದುಹೋಗುತ್ತದೆ ಎಂಬುದನ್ನು ಅತ್ತೆ ಒಪ್ಪಬೇಕು. ಅತ್ತೆ ಒಪ್ಪುವ ಪೈಕಿಯಲ್ಲ. ಮಾವ ಓಡಿಬಂದು ಅವಳನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಅಲ್ಲಿ ಬರೀ ಮೈನಾಗಳಿರುತ್ತಿದ್ದವು. "ರೈಲು ಬುಡೋದ್ ಸಾಕು" ಎಂದು ಅವಳು ಒಳಗೆ ಹೋಗುತ್ತಿದ್ದಳು.

ನಾನು ತುಮಕೂರಿನ ಮರಳೂರು ಬಡಾವಣೆಯ ಮನೆಯಲ್ಲಿ ಕೂತು, ಹಕ್ಕಿ ನೋಡುವವರ ಗುಂಪೊಂದಕ್ಕೆ ಹಕ್ಕಿದನಿಯ ರೆಕಾರ್ಡರ್ ಫೈಲುಗಳನ್ನು ವಿಂಗಡಿಸುವವಳು. ಮಾವನ ಕಾಟ ತಡೆಯಲಾರದೆ ಒಂದು ರೆಕಾರ್ಡರನ್ನು ಅವನ ತೋಟದ ಹೊಂಗೆಮರಕ್ಕೆ ಕಟ್ಟಿಬಂದೆ. ಬೆಳಿಗ್ಗೆ, ಸಂಜೆ ಅದು ತಾನಾಗಿ ಕೇಳಿಸಿಕೊಳ್ಳುತ್ತದೆ. ಆಮೇಲಿನ ಕೆಲಸ ನನ್ನ ಲ್ಯಾಪ್‌ಟಾಪಿನ ಸಾಫ್ಟ್‌ವೇರಿನದು. ಪ್ರತಿ ಫೈಲಿಗೂ ದಿನ, ಹೊತ್ತಿನ ಹೆಸರಿಟ್ಟು, ಸದ್ದಿನ ಚಿತ್ರ ಬರೆದು, ಸೊಪ್ಪು ಬಿಡಿಸಿದ ಹಾಗೆ ಬೇರೆ ಬೇರೆ ಮಾಡಿಡುತ್ತದೆ. ಸದ್ದಿಲ್ಲದವು ಒಂದು ಕಡೆ, ಮನುಷ್ಯರ ಮಾತಿರುವವು ಇನ್ನೊಂದು ಕಡೆ. ಮಾತಿನ ಫೈಲುಗಳನ್ನು ಕೇಳದೆ ಅಳಿಸಬೇಕು ಎಂಬುದು ನಮ್ಮ ಗುಂಪಿನ ಕಟ್ಟುನಿಟ್ಟು. ಈ ಸಾಫ್ಟ್‌ವೇರಿನ ಅಚ್ಚುಕಟ್ಟು ಕಂಡರೆ ನನಗೆ ಪ್ರಾಣ. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಆ ಅಚ್ಚುಕಟ್ಟಿಲ್ಲ.

ದಸರಾ ಮುಗಿದ ಮೇಲೆ ಮಾವ ರೆಕಾರ್ಡರಿನ ಕಾರ್ಡನ್ನು ಮಾತ್ರ ಬಿಚ್ಚಿ, ತುಮಕೂರಿಗೆ ಬರುವವರ ಕೈಲಿ ಕಳಿಸಿದ. ನೋಡಿದರೆ ಆಯುಧಪೂಜೆಯ ತನಕ ನವಿಲು, ಕೋಳಿ, ಪಂಪ್‌ಸೆಟ್ಟು. ಅಲ್ಲಿಂದಾಚೆಗೆ ಎಲ್ಲ ಫೈಲೂ ಸದ್ದಿಲ್ಲದ ಗುಂಪಿನಲ್ಲಿ. ಫೋನು ಮಾಡಿದೆ.

"ಮಾವ, ಅದಕ್ಕೇನ್ ಮಾಡ್ದೆ?"

"ಏನಿಲ್ಲ ಕಣವ್ವ. ಮಚ್ಚು, ಮೋಟ್ರು, ಟಿಲ್ಲರು ಎಲ್ಲಕ್ಕೂ ಪೂಜೆ ಮಾಡ್ದೆ. ಅದೂ ದುಡಿಯೋ ವಸ್ತು ಅಲ್ವಾ? ತೊಳೆಯಕ್ಕೆ ಹೋಗ್ಲಿಲ್ಲ, ಒರೆಸಿ ಗಂಧ ಕುಂಕುಮ ಇಟ್ಟೆ."

"ಎಲ್ಲಿಟ್ಟೆ?"

"ಮಧ್ಯದಾಗೆ ಒಂದು ತೂತ್ ಇತ್ತಲ್ಲ, ಅಲ್ಲೇ. ಹಣೆ ಇದ್ದಂಗಿತ್ತು."

ಅದು ಮೈಕಿನ ತೂತು! ಬಾಯಿಗೆ ಬಂದಂತೆ ಬೈದೆ. ಆಯುಧಪೂಜೆ ದಿನದ ಒಂದು ಫೈಲು ಮಾತಿನ ಗುಂಪಿನಲ್ಲಿತ್ತು. ಮೆತ್ತುವಾಗಿನ ಸಾಕ್ಷಿ ಹಿಡಿದು ಇನ್ನೊಂದು ಸುತ್ತು ಬೈಯೋಣವೆಂದು, "ನಿನ್ ಮಾತಿರೋ ಫೈಲು ಕೇಳ್ಲಾ?" ಎಂದೆ.

"ಕೇಳು, ನಾನೇನ್ ಕದ್ದು ಮಾತಾಡಿದೀನಾ?"

ಫೈಲು ಹಾಕಿದೆ. ಬಕೆಟ್ಟಿನ ಸದ್ದು. ಮಾವನ ದನಿ, ಎತ್ತಿನ ಜೊತೆ ಮಾತಾಡುವಂತೆ: "ಬಾರಪ್ಪ, ನಿಂಗೂ ಒಂಚೂರು ಪೂಜೆ ಆಗ್ಲಿ." ಅಷ್ಟರಲ್ಲಿ ಹತ್ತಿರದಲ್ಲೇ ಎರಡು ಸ್ವರದ ಸಿಳ್ಳೆ, ಮತ್ತೊಮ್ಮೆ ಅದೇ. ಅನುಮಾನವೇ ಇಲ್ಲ, ನವರಂಗ. ಮಾವ ರೆಕಾರ್ಡರಿಗೇ ಪಿಸುಗುಟ್ಟಿದ: "ಕೇಳಿಸ್ತೇನ್ಲಾ? ಅದೇ ಕಣೋ! ನಾನ್ ಹೇಳಿದ್ರೆ ಅವಳು ನಂಬಕಿಲ್ಲ. ಅವಳು ನಂಬ್ಲಿಲ್ಲ ಅಂದ್ರೆ ನಂಗ್ಯಾಕೋ ಏನೂ ನೋಡ್ದಂಗೇ ಆಗಕಿಲ್ಲ. ನೀನಾದ್ರೂ ಹೇಳ್ಲಾ." ಆಮೇಲೆ ಗಂಧ ತಿಕ್ಕಿದ ಸದ್ದು. ಸಾಕ್ಷಿಯ ಕಿವಿ ಮುಚ್ಚಿತು.

ನಗು ಬಂತು, ಅಳುವೂ ಬಂತು. ಫೈಲನ್ನು ಅಳಿಸಲಿಲ್ಲ.

ಭಾನುವಾರ ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಚೇಳೂರಿಗೆ ಹೋದೆ. ಜಗಲಿಯಲ್ಲಿ ಅತ್ತೆಗೆ ಫೈಲು ಹಾಕಿ ಕೇಳಿಸಿದೆ. ತಾನು ಆವತ್ತು ಏನು ಅಂದಿದ್ದೆನೆಂದು ಮಾವನಿಗೆ ನೆನಪೇ ಇರಲಿಲ್ಲ. ಕೇಳುತ್ತ ಕೇಳುತ್ತ ನಾಚಿಕೊಂಡು ಎದ್ದು ತೋಟದ ಕಡೆ ಹೋಗಿಬಿಟ್ಟ.

ಅತ್ತೆ ಹತ್ತಿರ ಸರಿದು ಕೂತಳು. "ಇನ್ನೊಂದ್ಸಲ ಹಾಕು" ಎಂದಳು. ನಾನು ಸಿಳ್ಳೆಯ ಜಾಗ ಹುಡುಕಿ ಹಾಕಿದೆ.

"ಹಕ್ಕಿ ಬಂದಿತ್ತು, ಬುಡು" ಎಂದು ಕೈಯಾಡಿಸಿದಳು. "ಅದಲ್ಲ ಕಣೇ. ಅವಯ್ಯ ಅಂದಿದ್ದು ಹಾಕು."